ಇಂದಿನ ಧಮ್ಮ ಚಿಂತನೆ: ಕಾಯುವುದು ಎಂದರೇನು?

ಕಳೆದ ಭಾನುವಾರದ ನಮ್ಮ ಅಧ್ಯಯನ ವಲಯದಲ್ಲಿ ಒಂದು ಪ್ರಶ್ನೆ ಬಂದದ್ದು ನಿಮಗೆ ನೆನಪಿರಬಹುದು. ಹಾಸ್ಟೆಲಿನಲ್ಲಿದ್ದು ಪದವಿ ಮುಗಿಸಿದ ನಮ್ಮ ಹುಡುಗನೊಬ್ಬ ಕೋಚಿಂಗ್ ಶುಲ್ಕಕ್ಕೆ ಎರಡನೇ ಸಲ ನೆರವು ಕೇಳಿದ್ದಾನೆ. ಕೊಡಬೇಕೇ, ಬೇಡವೇ? ಹಿರಿಯರೊಬ್ಬರು, "ನಾವೆಲ್ಲ ಯಾರ ಕೈಯೂ ಹಿಡಿಯದೆ ಬಂದವರು. ಅವನೂ ಹಾಗೇ ಬರಲಿ. ಎತ್ತಿಕೊಂಡೇ ಇದ್ದರೆ ಮಗು ನಡೆಯೋದು ಯಾವಾಗ?" ಎಂದರು. ಹಿಂದೆ ಕೂತಿದ್ದ ತಂಗಿಯೊಬ್ಬಳು, "ಅಣ್ಣಾ, ಕೇಳೋದಕ್ಕೇ ಅವನು ಎಷ್ಟು ಸಂಕಟಪಟ್ಟಿರ್ತಾನೆ, ಸುಮ್ಮನೆ ಕೊಟ್ಟುಬಿಡೋಣ" ಎಂದಳು. ಇಬ್ಬರ ಮಾತೂ ನನಗೆ ಸರಿ ಎನ್ನಿಸಿತು. ಹಾಗಾಗಿ ನಾನು ಏನೂ ಹೇಳದೆ ಮನೆಗೆ ಬಂದೆ.

ಇಂದಿನ ಚಿಂತನೆಯನ್ನು ಬರೆಯುವ ಸರದಿ ನನ್ನದು. ಅಂದು ಹೇಳಲಾಗದ್ದನ್ನು ಇಂದು ಹೇಳಲು ಪ್ರಯತ್ನಿಸುತ್ತೇನೆ. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಸಂಗತಿ ಹೇಳಬೇಕು. ಅದು ಕೋಳಿಮರಿಗಳ ಸಂಗತಿ.

*ಹನ್ನೆರಡು ಮೊಟ್ಟೆಗಳು*

ಬೇಸಿಗೆ ರಜೆಯಲ್ಲಿ ಕನಕಪುರದ ಕಡೆಯ ನಮ್ಮೂರಿಗೆ ಹೋಗಿದ್ದೆವು. ವಾಪಸ್ ಬರುವಾಗ ಎಂಟನೇ ತರಗತಿಯ ನನ್ನ ಮಗಳು ಅಜ್ಜಿಯನ್ನು ಕಾಡಿ ಹನ್ನೆರಡು ನಾಟಿ ಮೊಟ್ಟೆ ಇಸಿದುಕೊಂಡಳು. ಬನಶಂಕರಿಯ ಬಾಡಿಗೆ ಮನೆಯಲ್ಲಿ ಕೋಳಿ ಸಾಕಲು ಆಗುವುದಿಲ್ಲ, ಮರಿ ಮಾಡಿಸಿ ಊರಿಗೇ ಕೊಡೋಣ ಎಂಬ ಒಪ್ಪಂದವಾಯಿತು. ಅವಳ ಅಪ್ಪ ಎಸ್.ಪಿ. ರಸ್ತೆಗೆ ಹೋಗಿ ಉಷ್ಣತೆ ನಿಯಂತ್ರಿಸುವ ಸಣ್ಣ ಯಂತ್ರ, ಪುಟ್ಟ ಫ್ಯಾನು, ತೇವಾಂಶ ತೋರಿಸುವ ಮೀಟರು ತಂದರು. ಒಂದು ಥರ್ಮಾಕೋಲ್ ಪೆಟ್ಟಿಗೆ, ಒಂದು ಬಲ್ಬು, ಒಂದು ನೀರಿನ ತಟ್ಟೆ. ಇನ್‌ಕ್ಯುಬೇಟರ್ ಸಿದ್ಧ.

ಕೋಳಿಮೊಟ್ಟೆಗೆ 21 ದಿನ ಕಾವು ಬೇಕು. ಫ್ಯಾನಿರುವ ಪೆಟ್ಟಿಗೆಯಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಮೊದಲ 18 ದಿನ ತೇವಾಂಶ ಶೇಕಡಾ 50ರ ಆಸುಪಾಸು ಸಾಕು. ಕೊನೆಯ ಮೂರು ದಿನ ಅದನ್ನು 65ರಿಂದ 70ಕ್ಕೆ ಏರಿಸಬೇಕು. ಹೇಂಟೆ ತನ್ನ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸುತ್ತಲೇ ಇರುತ್ತದೆ. ಹಾಗಾಗಿ ನಾವೂ ದಿನಕ್ಕೆ ಐದು ಸಲ ಹೊರಳಿಸಿದೆವು. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದಾಗ ಒಂಬತ್ತರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಂಡವು. ಮೂರರಲ್ಲಿ ಏನೂ ಇರಲಿಲ್ಲ. ಆ ಮೂರನ್ನು ತೆಗೆದೆವು. 18ನೇ ದಿನ ಹೊರಳಿಸುವುದನ್ನು ನಿಲ್ಲಿಸಿದೆವು. ಇನ್ನು ಮುಚ್ಚಳ ತೆಗೆಯಬಾರದು ಎಂದು ಮಗಳು ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದಳು.

20ನೇ ದಿನ ರಾತ್ರಿ ಮೊದಲ ಬಿರುಕು ಕಂಡಿತು. ಮಾರನೇ ದಿನ ಸಂಜೆಯ ಹೊತ್ತಿಗೆ ಆರು ಮರಿಗಳು ತಾವಾಗಿಯೇ ಹೊರಬಂದವು. ಅಕ್ಕಪಕ್ಕದ ಮಕ್ಕಳೆಲ್ಲ ನಮ್ಮ ಮನೆಯಲ್ಲೇ. ನೋಡುವುದು, ವಿಡಿಯೋ ಮಾಡುವುದು, ಒಣಗಿದ ಮರಿಯನ್ನು ಎತ್ತಿ ಬೇರೆ ಡಬ್ಬಕ್ಕೆ ಹಾಕುವುದು. ಚೀಟಿಯ ಕಡೆ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಉಳಿದದ್ದು ಮೂರು ಮೊಟ್ಟೆ. ನನ್ನ ಪಾಠ ಆ ಮೂರರಲ್ಲಿದೆ.

*ಮೊದಲನೆಯದು: ಅವಸರ*

ಒಂದು ಮೊಟ್ಟೆಗೆ ಮಧ್ಯಾಹ್ನ ಸಣ್ಣ ತೂತು ಬಿದ್ದಿತ್ತು. ಸಂಜೆಯಾದರೂ ತೂತು ದೊಡ್ಡದಾಗಲಿಲ್ಲ. ಒಳಗಿನಿಂದ ಕೀಂ ಕೀಂ ಎನ್ನುವ ಸದ್ದು. ಉಳಿದವು ಓಡಾಡುತ್ತಿರುವಾಗ ಇದೊಂದು ಒಳಗೇ ಒದ್ದಾಡುತ್ತಿದೆಯಲ್ಲ ಎಂದು ನನಗೆ ತಡೆಯಲಾಗಲಿಲ್ಲ. ಉಗುರಿನಿಂದ ಚಿಪ್ಪು ಬಿಡಿಸಿದೆ, ಬಿಳಿ ಪೊರೆಯನ್ನು ಹರಿದೆ. ತಕ್ಷಣ ರಕ್ತ ಬಂತು. ಎಷ್ಟು ಹತ್ತಿ ಇಟ್ಟರೂ ನಿಲ್ಲಲಿಲ್ಲ. ಹೊಟ್ಟೆಯ ಕೆಳಗೆ ಹಳದಿ ಭಂಡಾರದ ಚೀಲ ಇನ್ನೂ ಹೊರಗೇ ಇತ್ತು. ಹತ್ತು ನಿಮಿಷದಲ್ಲಿ ಮರಿ ನನ್ನ ಅಂಗೈಯಲ್ಲೇ ಹೋಯಿತು.

ಆ ರಾತ್ರಿ ಕೂತು ಓದಿ ತಿಳಿದುಕೊಂಡೆ. ಹೊರಬರುವ ಮೊದಲು ಮರಿ ಮೊಟ್ಟೆಯ ಅಗಲದ ತುದಿಯಲ್ಲಿರುವ ಗಾಳಿಗೂಡಿಗೆ ಕೊಕ್ಕು ಚುಚ್ಚಿ ಮೊದಲ ಉಸಿರು ಎಳೆದುಕೊಳ್ಳುತ್ತದೆ. ಆಮೇಲೆ ಕೊಕ್ಕಿನ ಮೇಲಿರುವ ಚೂಪಾದ ಸಣ್ಣ ಗಂಟಿನಿಂದ ಚಿಪ್ಪಿಗೆ ತೂತು ಮಾಡುತ್ತದೆ. ಆಮೇಲೆ ಗಂಟೆಗಟ್ಟಲೆ ಸುಮ್ಮನಿರುತ್ತದೆ. ನಾವು ಅದನ್ನು ಸೋಲು ಎಂದುಕೊಳ್ಳುತ್ತೇವೆ. ಆದರೆ ಮುಖ್ಯವಾದ ಕೆಲಸ ನಡೆಯುವುದೇ ಆಗ. ಪೊರೆಯ ನರಗಳಲ್ಲಿ ಹರಿಯುತ್ತಿದ್ದ ರಕ್ತ ಮರಿಯ ಮೈಗೆ ಹಿಂತಿರುಗುತ್ತದೆ. ಹಳದಿ ಭಂಡಾರ ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹುಟ್ಟಿದ ಮೇಲೆ ಎರಡು ದಿನ ಕಾಳು ನೀರು ಸಿಗದಿದ್ದರೂ ಮರಿ ಬದುಕುವುದು ಆ ಬುತ್ತಿಯಿಂದಲೇ. ಇದೆಲ್ಲ ಮುಗಿದ ಮೇಲೆ ಅದು ನಿಧಾನವಾಗಿ ತಿರುಗುತ್ತಾ ಚಿಪ್ಪನ್ನು ಸುತ್ತಲೂ ಕತ್ತರಿಸಿ ಟೊಪ್ಪಿಯಂತೆ ತಳ್ಳುತ್ತದೆ. ತೂತು ಬಿದ್ದ ಮೇಲೆ 12ರಿಂದ 24 ಗಂಟೆ ಹಿಡಿಯುವುದು ಸಹಜ. ನಾನು ಆರು ಗಂಟೆಯೂ ಕೊಡಲಿಲ್ಲ.

*ಎರಡನೆಯದು: ಹಟ*

ಎರಡನೇ ಮೊಟ್ಟೆಗೆ ಅದೇ ರಾತ್ರಿ ಒಂಬತ್ತಕ್ಕೆ ತೂತು ಬಿತ್ತು. ಈ ಸಲ ನಾನು ಕೈ ಕಟ್ಟಿ ಕೂತೆ. "ಯಾರೂ ಮುಟ್ಟಕೂಡದು, ತಾನಾಗಿಯೇ ಬರಬೇಕು" ಎಂದು ಆಜ್ಞೆ ಮಾಡಿದೆ. ಮಾರನೇ ರಾತ್ರಿ ಒಂಬತ್ತಾಯಿತು. ಇಪ್ಪತ್ನಾಲ್ಕು ಗಂಟೆ. ತೂತು ಇದ್ದಷ್ಟೇ ಇತ್ತು. ಅದರ ಅಂಚಿನ ಪೊರೆ ಕಂದು ಬಣ್ಣಕ್ಕೆ ತಿರುಗಿ ಹಳೇ ಚರ್ಮದಂತೆ ಗಟ್ಟಿಯಾಗಿತ್ತು. ಮರಿಯ ದನಿ ಇಳಿಯುತ್ತಿತ್ತು.

ಮಗಳು ಹೇಳಿದಳು: "ಅಮ್ಮಾ, ನಿನ್ನೆ ನೀನು ಅದಕ್ಕೆ ಪಾಪ ಅಂತ ತೆಗೆದೆ. ಇವತ್ತು ನಿನಗೆ ಭಯ ಅಂತ ಬಿಟ್ಟಿದ್ದೀಯ. ಎರಡು ದಿನಾನೂ ನೀನು ಮರೀನ ನೋಡ್ಲೇ ಇಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಫೋನ್ ಮಾಡಿದೆ. ಅವ್ವ ಎಲ್ಲವನ್ನೂ ಕೇಳಿಸಿಕೊಂಡು, "ಹೇಂಟೆ ಯಾವತ್ತಾದ್ರೂ ಮರಿ ಎಳ್ದು ಹಾಕಿದ್ದ ನೋಡಿದ್ದೀಯಾ?" ಎಂದಳು. ಇಲ್ಲ ಎಂದೆ. "ಹೇಂಟೆ ಮೈಯಡೀಲಿ ಮೊಟ್ಟೆ ಒಣಗಿದ್ದ ನೋಡಿದ್ದೀಯಾ?" ಅದೂ ಇಲ್ಲ ಎಂದೆ. "ಪೆಟ್ಟಿಗೇಲಿ ನೀರು ಮಡಗಿದ್ಯಾ?"

ಎದ್ದು ಹೋಗಿ ನೋಡಿದೆ. ತಟ್ಟೆ ಒಣಗಿತ್ತು. ಮೀಟರು ಶೇಕಡಾ 40 ತೋರಿಸುತ್ತಿತ್ತು. ನಾವು ಮುಚ್ಚಳ ತೆಗೆದಾಗಲೆಲ್ಲ ಹಬೆ ಹೊರಗೆ ಹೋಗಿತ್ತು. ಬೆಂಗಳೂರಿನ ಬೇಸಿಗೆಯ ಒಣಗಾಳಿ ಒಳಗೆ ಬಂದಿತ್ತು. ಪೊರೆ ಒಣಗಿ ಮರಿಯ ಮೈಗೆ ಬಿಗಿಯಾಗಿ ಅಂಟಿಕೊಂಡಿತ್ತು. ಮರಿಗೆ ಶಕ್ತಿ ಇತ್ತು, ತಿರುಗಲು ಜಾಗ ಇರಲಿಲ್ಲ.

ಫೋನಿನಲ್ಲಿ ಅವ್ವ ಹೇಳಿದ ಮಾತನ್ನು ನಾನು ಮರೆಯಲಾರೆ: "ಒಣಗ್ಸಿದೋರು ನೀವು. ನೆನಸೋರೂ ನೀವೇ ಆಗ್ಬೇಕು."

ಕೈ ತೊಳೆದು, ಉಗುರು ಬೆಚ್ಚಗಿನ ನೀರು ಇಟ್ಟುಕೊಂಡು ಕೂತೆವು. ಗಾಳಿಗೂಡಿರುವ ಅಗಲದ ತುದಿಯಲ್ಲಿ ಮಾತ್ರ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಬಿಡಿಸಿದೆವು. ಒದ್ದೆ ಹತ್ತಿಯಿಂದ ಪೊರೆಯನ್ನು ಸವರಿದಾಗ ಅದು ಗಾಜಿನಂತೆ ತಿಳಿಯಾಯಿತು. ಒಂದು ಸಣ್ಣ ಕೆಂಪು ಗೆರೆ ಕಂಡಿತು. ರಕ್ತ ಇನ್ನೂ ಹರಿಯುತ್ತಿದೆ ಎಂದು ಅರ್ಥ. ಅಲ್ಲಿಗೆ ನಿಲ್ಲಿಸಿದೆವು. ತಟ್ಟೆಗೆ ನೀರು ತುಂಬಿ, ಮೊಟ್ಟೆಯನ್ನು ಒಳಗಿಟ್ಟು ಮುಚ್ಚಿದೆವು. ರಾತ್ರಿ ಒಂದಕ್ಕೆ ಮತ್ತೆ ನೋಡಿದಾಗ ಗೆರೆ ಮಾಸಿತ್ತು. ಕೊಕ್ಕಿನ ಸುತ್ತ, ತಲೆಯ ಮೇಲೆ ಅಂಟಿದ್ದ ಪೊರೆಯನ್ನು ನೆನಸಿ ಸಡಿಲಿಸಿದೆವು. ಹೊಟ್ಟೆಯ ಭಾಗವನ್ನು ಮುಟ್ಟಲಿಲ್ಲ. ಮರಿಯನ್ನು ಎಳೆಯಲೂ ಇಲ್ಲ. ಮತ್ತೆ ಒಳಗಿಟ್ಟೆವು. ಬೆಳಗಿನ ಜಾವ ಅದು ಕಾಲು ಒದ್ದು, ಉಳಿದ ಅರ್ಧ ಚಿಪ್ಪಿನಿಂದ ತಾನೇ ಹೊರಬಿತ್ತು. ಕೊನೆಯ ಒದೆತ ಅದರದ್ದೇ.

ಮೂರನೇ ಮೊಟ್ಟೆಗೆ ಬಿರುಕೇ ಬೀಳಲಿಲ್ಲ. 24ನೇ ದಿನ ಒಡೆದು ನೋಡಿದೆವು. ಪೂರ್ತಿ ಬೆಳೆದ ಮರಿ. ಆದರೆ ತಲೆ ಚೂಪಾದ ತುದಿಯ ಕಡೆಗಿತ್ತು. ಗಾಳಿಗೂಡು ಅದಕ್ಕೆ ಎಟುಕಿರಲಿಲ್ಲ. ಅದು ಯಾವಾಗ ಸುಮ್ಮನಾಯಿತೋ ನಮಗೆ ತಿಳಿಯಲಿಲ್ಲ. ಸದ್ದು ಮಾಡಿದವುಗಳ ಕಡೆಗೇ ನಮ್ಮೆಲ್ಲರ ಕಿವಿ ಇತ್ತು.

*ಭಗವಾನರ ಉಪಮೆ*

ಬುದ್ಧರು ಕೋಳಿ ಮತ್ತು ಮೊಟ್ಟೆಯ ಉಪಮೆಯನ್ನು ಒಂದಕ್ಕಿಂತ ಹೆಚ್ಚು ಕಡೆ ಬಳಸಿದ್ದಾರೆ. ಮಜ್ಝಿಮ ನಿಕಾಯದ 16ನೆಯದಾದ ಚೇತೋಖಿಲ ಸುತ್ತದಲ್ಲಿ ಅದರ ಸಾರ ಹೀಗಿದೆ: ಎಂಟೋ ಹತ್ತೋ ಹನ್ನೆರಡೋ ಮೊಟ್ಟೆಗಳಿರುವ ಕೋಳಿ ಅವುಗಳ ಮೇಲೆ ಸರಿಯಾಗಿ ಕೂತು, ಸರಿಯಾಗಿ ಬೆಚ್ಚಗಿಟ್ಟು, ಸರಿಯಾಗಿ ಕಾವು ಕೊಟ್ಟರೆ ಸಾಕು. ಮರಿಗಳು ಕ್ಷೇಮವಾಗಿ ಹೊರಬರಲಿ ಎಂದು ಅದು ಆಸೆ ಪಡದಿದ್ದರೂ ಅವು ಹೊರಬರಬಲ್ಲವು. ಭಿಕ್ಷುವಿನ ಸ್ವಂತ ಸಾಧನೆಯ ಬಗ್ಗೆ ಹೇಳಿದ ಮಾತು ಇದು. ಆದರೂ ಆ ರಾತ್ರಿಯ ಮೇಲೆ ಇದನ್ನು ಓದಿದಾಗ ನನಗೆ ಇನ್ನೊಂದು ವಿಷಯ ಕಂಡಿತು. "ಮರಿ ತಾನೇ ಹೊರಬರುತ್ತದೆ" ಎಂಬ ಮಾತಿಗೆ ಮೊದಲು ಮೂರು ಷರತ್ತುಗಳಿವೆ. ಮೂರೂ ಕೋಳಿಯ ಮೇಲಿರುವ ಷರತ್ತುಗಳು. ಮರಿಯ ಮೇಲೆ ಒಂದೂ ಇಲ್ಲ.

ಅಂಗುತ್ತರ ನಿಕಾಯದಲ್ಲಿ ವೇರಂಜ ಎಂಬ ಬ್ರಾಹ್ಮಣನ ಪ್ರಸಂಗವಿದೆ. ವಯಸ್ಸಾದ ಬ್ರಾಹ್ಮಣರು ಬಂದರೂ ನೀವು ಎದ್ದು ಗೌರವಿಸುವುದಿಲ್ಲವೇಕೆ ಎಂಬುದು ಅವನ ಆಕ್ಷೇಪ. ಮರಿಗಳಲ್ಲಿ ಮೊದಲು ಚಿಪ್ಪು ಒಡೆದು ಬಂದದ್ದು ಹಿರಿಯದೋ ಕಿರಿಯದೋ ಎಂದು ಬುದ್ಧರು ಅವನನ್ನೇ ಕೇಳುತ್ತಾರೆ. ಹಿರಿಯದು ಎಂದು ಅವನು ಒಪ್ಪುತ್ತಾನೆ. ಹಾಗಾದರೆ ಅವಿದ್ಯೆಯ ಚಿಪ್ಪನ್ನು ಮೊದಲು ಒಡೆದವನು ನಾನು ಎನ್ನುತ್ತಾರೆ ಭಗವಾನರು. ಸಂಸ್ಕೃತದಿಂದ ಕನ್ನಡಕ್ಕೆ ಬಂದ 'ದ್ವಿಜ' ಎಂಬ ಪದಕ್ಕೆ ಬ್ರಾಹ್ಮಣ ಎಂಬ ಅರ್ಥವಿರುವಂತೆ ಹಕ್ಕಿ ಎಂಬ ಅರ್ಥವೂ ಇದೆ. ಮೊಟ್ಟೆಯಾಗಿ ಒಮ್ಮೆ, ಮರಿಯಾಗಿ ಒಮ್ಮೆ, ಎರಡು ಸಲ ಹುಟ್ಟುವುದು. ಎರಡನೇ ಹುಟ್ಟಿಗೆ ಜನಿವಾರ ಬೇಕಿಲ್ಲ, ಚಿಪ್ಪು ಒಡೆದರೆ ಸಾಕು.

*ಕಾಯುವುದು*

ನಾನು ಕನ್ನಡ ಮೇಷ್ಟರಾದ್ದರಿಂದ ಇನ್ನೊಂದು ಪದದ ಮಾತು. ನಮ್ಮ ಭಾಷೆಯಲ್ಲಿ 'ಕಾಯು' ಎಂಬುದಕ್ಕೆ ಮೂರು ಅರ್ಥ. ನೀರು ಕಾಯುತ್ತದೆ, ಅಂದರೆ ಬಿಸಿಯಾಗುತ್ತದೆ. ದನ ಕಾಯುತ್ತೇವೆ, ಅಂದರೆ ರಕ್ಷಿಸುತ್ತೇವೆ. ಬಸ್ಸಿಗೆ ಕಾಯುತ್ತೇವೆ, ಅಂದರೆ ತಾಳ್ಮೆಯಿಂದ ಇರುತ್ತೇವೆ. ಹೇಂಟೆ ಈ ಮೂರನ್ನೂ ಒಟ್ಟಿಗೆ ಮಾಡುತ್ತದೆ. ಬೆಚ್ಚಗಿಡದೆ, ಕಾಪಾಡದೆ ಬರೀ ಹೊತ್ತು ಕಳೆಯುವುದನ್ನು ನಾವು ಕಾಯುವುದು ಎಂದು ಕರೆದುಕೊಂಡರೆ ಅದು ನಮ್ಮ ಸೋಮಾರಿತನಕ್ಕೆ ಇಟ್ಟ ಒಳ್ಳೆಯ ಹೆಸರು ಅಷ್ಟೇ.

ಬುದ್ಧಘೋಷರು ಐದನೇ ಶತಮಾನದಲ್ಲಿ ರಚಿಸಿದ ವಿಸುದ್ಧಿಮಗ್ಗದಲ್ಲಿ ಮೈತ್ರಿ, ಕರುಣೆ, ಮುದಿತೆ, ಉಪೇಕ್ಷೆ ಈ ನಾಲ್ಕು ಬ್ರಹ್ಮವಿಹಾರಗಳಿಗೂ ಒಂದೊಂದು ಹತ್ತಿರದ ಶತ್ರುವನ್ನು ಹೇಳುತ್ತಾರೆ. ಹತ್ತಿರದ ಶತ್ರು ಎಂದರೆ ನೋಡಲು ಅದರಂತೆಯೇ ಇದ್ದು ಒಳಗಿನಿಂದ ಕೆಡಿಸುವಂಥದ್ದು. ಕರುಣೆಯ ಹತ್ತಿರದ ಶತ್ರು ಸಂಕಟ. ಉಪೇಕ್ಷೆಯ ಹತ್ತಿರದ ಶತ್ರು ಅರಿವಿಲ್ಲದ ಉದಾಸೀನ. ಮೊದಲ ಮರಿಯನ್ನು ಕೊಂದದ್ದು ನನ್ನ ಸಂಕಟ. ಅದರ ಕಷ್ಟಕ್ಕಿಂತ ನನ್ನ ಸಂಕಟವನ್ನು ಮುಗಿಸಿಕೊಳ್ಳುವ ಆತುರ ನನಗೆ ಹೆಚ್ಚಾಗಿತ್ತು. ಎರಡನೆಯದನ್ನು ಕೊಲ್ಲಲಿದ್ದದ್ದು ನನ್ನ ಉದಾಸೀನ. ಅದಕ್ಕೆ ನಾನು ಶಿಸ್ತು ಎಂದು ಹೆಸರಿಟ್ಟಿದ್ದೆ.

*ನನ್ನ ತರಗತಿಯ ಎರಡು ಮೊಟ್ಟೆಗಳು*

ಇದನ್ನು ಬರೆಯಲು ನನಗೆ ನಾಚಿಕೆ ಇದೆ, ಆದರೂ ಬರೆಯುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗಿಗೆ ಅಂಬೇಡ್ಕರ್ ಜಯಂತಿಯ ಭಾಷಣವನ್ನು ನಾನೇ ಬರೆದುಕೊಟ್ಟೆ. ಚೆನ್ನಾಗಿ ಒಪ್ಪಿಸಿದಳು, ಬಹುಮಾನವೂ ಬಂತು. ಆಮೇಲೆ ವೇದಿಕೆಯ ಮೇಲಿದ್ದ ಅತಿಥಿ ಪ್ರೀತಿಯಿಂದ ಒಂದು ಸಣ್ಣ ಪ್ರಶ್ನೆ ಕೇಳಿದರು. ಅವಳು ನಿಂತಲ್ಲೇ ಅತ್ತುಬಿಟ್ಟಳು. ಆ ವರ್ಷವಿಡೀ ಮತ್ತೆ ಬಾಯಿ ಬಿಡಲಿಲ್ಲ. ಅವಳ ಮಾತು ಅವಳೊಳಗೆ ಸೇರುವ ಮೊದಲೇ ನಾನು ಚಿಪ್ಪು ಬಿಡಿಸಿದ್ದೆ.

ಅದರಿಂದ ತಪ್ಪು ಪಾಠ ಕಲಿತೆ. ಕಳೆದ ವರ್ಷ ಒಂಬತ್ತನೇ ತರಗತಿಗೆ ಒಬ್ಬ ಹುಡುಗ ತಡವಾಗಿ ಸೇರಿದ. ರಾಯಚೂರಿನ ಕಡೆಯ ಕುಟುಂಬ, ಜೆ.ಪಿ. ನಗರದಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ವಾಸ. ಚುರುಕಾಗಿದ್ದ, ಆದರೆ ಬರೆಯಲು ಬರುತ್ತಿರಲಿಲ್ಲ. "ಅವನಾಗಿಯೇ ಕೇಳಲಿ, ಹೇಳಿಕೊಡುತ್ತೇನೆ" ಎಂದುಕೊಂಡೆ. ಅವನು ಕೇಳಲಿಲ್ಲ. ನಡುನಡುವೆ ಬರುವುದು ತಪ್ಪಿಸಿದ, ಆಮೇಲೆ ಬರಲೇ ಇಲ್ಲ. ಮೊಟ್ಟೆಗಳ ಈ ಪ್ರಸಂಗ ಆದ ವಾರವೇ ಹುಡುಕಿಕೊಂಡು ಹೋದೆ. ಕಟ್ಟಡ ಮುಗಿದಿತ್ತು. ಶೆಡ್ ಇದ್ದ ಜಾಗದಲ್ಲಿ ಹುಲ್ಲುಹಾಸು ಹಾಕುತ್ತಿದ್ದರು. ಅವರು ಎಲ್ಲಿಗೆ ಹೋದರೆಂದು ಕಾವಲುಗಾರನಿಗೂ ಗೊತ್ತಿರಲಿಲ್ಲ.

ಅವನು ಸದ್ದು ಮಾಡದ ಮೂರನೇ ಮೊಟ್ಟೆ. ಕೇಳುವುದಕ್ಕೂ ಒಂದು ಗಾಳಿಗೂಡು ಬೇಕು. ಅದು ಎಟುಕದವನಿಂದ ನಾನು ದನಿಗಾಗಿ ಕಾದೆ.

*ಬಾಬಾಸಾಹೇಬರ ದಾರಿ*

"ನಾವು ಯಾರ ನೆರವೂ ಇಲ್ಲದೆ ಬಂದೆವು" ಎನ್ನುವಾಗ ಬಾಬಾಸಾಹೇಬರನ್ನು ನೆನೆಯೋಣ. 1907ರಲ್ಲಿ ಅವರು ಮೆಟ್ರಿಕ್ ಪಾಸಾದಾಗ ಶಿಕ್ಷಕ ಕೃಷ್ಣಾಜಿ ಅರ್ಜುನ ಕೇಳುಸ್ಕರರು ತಾವೇ ಬರೆದ ಬುದ್ಧ ಚರಿತ್ರೆಯನ್ನು ಕೈಗಿತ್ತರು. 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ನೆರವು ಪಡೆದದ್ದರಿಂದ ಅವರು ಕುಗ್ಗಲಿಲ್ಲ. ಏಕೆಂದರೆ ಯಾರೂ ಅವರ ಪರವಾಗಿ ಪ್ರಬಂಧ ಬರೆದುಕೊಡಲಿಲ್ಲ. ಒಣಗಿದ್ದ ಪೊರೆಯನ್ನು ಅವರು ನೆನಸಿದರು, ಒದ್ದು ಹೊರಬಂದದ್ದು ಭೀಮರಾಯರೇ.

ಬಾಬಾಸಾಹೇಬರು ಕಾದ ರೀತಿಯನ್ನೂ ನೋಡಿ. 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ, ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದರು. ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ. 21 ವರ್ಷ. ಮೊಟ್ಟೆಯ 21 ದಿನಕ್ಕೂ ಇದಕ್ಕೂ ಸಂಬಂಧವಿಲ್ಲ, ಸಂಖ್ಯೆ ಸೇರಿತು ಅಷ್ಟೇ. ಆದರೆ ಆ 21 ವರ್ಷ ಅವರು ಸುಮ್ಮನೆ ಕೂರಲಿಲ್ಲ. ಧರ್ಮಗಳನ್ನು ಓದಿದರು, ಜನರನ್ನು ಸಂಘಟಿಸಿದರು, 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದರು, ಮರುವರ್ಷ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಮೂರೂ ಅರ್ಥದಲ್ಲಿ ಕಾದರು. ದೀಕ್ಷೆಯ ದಿನ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು ಎಲ್ಲ ಜೀವಿಗಳ ಮೇಲೆ ದಯೆಯಿಟ್ಟು ಅವನ್ನು ಸಲಹುವುದು. ದಯೆ ಮತ್ತು ಸಲಹುವುದು, ಎರಡೂ ಒಂದೇ ಪ್ರತಿಜ್ಞೆಯೊಳಗಿವೆ.

ಮೇಲ್ಜಾತಿಯವರು ನಮಗೆ ಯೋಗ್ಯತೆಯ ಪಾಠ ಹೇಳುವಾಗ ನಮಗೆ ಸಿಟ್ಟು ಬರುತ್ತದೆ. ಸಾವಿರಾರು ವರ್ಷ ತಟ್ಟೆಯ ನೀರನ್ನು ಬತ್ತಿಸಿದವರು ಮರಿಗೆ ಶಕ್ತಿಯಿಲ್ಲ ಎನ್ನುತ್ತಾರಲ್ಲ ಎಂದು. ಅದೇ ಮಾತನ್ನು ಹೊರಬಂದಿರುವ ನಾವು, ಇನ್ನೂ ಒಳಗಿರುವ ನಮ್ಮವರಿಗೆ ಹೇಳಬಾರದು. ನೆರವು ಭಿಕ್ಷೆಯಲ್ಲ, ಒಣಗಿಸಿದ್ದನ್ನು ನೆನಸುವ ಕೆಲಸ.

*ಇಂದಿನ ಅಭ್ಯಾಸ*

ಇಂದು ಹತ್ತು ನಿಮಿಷ ಉಸಿರಿನ ಮೇಲೆ ಗಮನವಿಟ್ಟು ಕೂತ ನಂತರ, ನಿಮ್ಮ ನೆರವನ್ನು ಬಯಸುತ್ತಿರುವ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ. ಮಗ, ತಮ್ಮ, ವಿದ್ಯಾರ್ಥಿ, ನೆರೆಯವರು, ಯಾರಾದರೂ ಸರಿ. ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ಅವರು ಸುಮ್ಮನಿರುವುದು ಸೋತಿದ್ದಕ್ಕೋ, ಒಳಗೆ ಶಕ್ತಿ ಕೂಡಿಸಿಕೊಳ್ಳುವುದಕ್ಕೋ?
2. ಅವರ ಸುತ್ತಲಿನ ತಟ್ಟೆಯಲ್ಲಿ ನೀರಿದೆಯೇ? ಅದು ಒಣಗಿದ್ದರಲ್ಲಿ ನನ್ನ ಪಾಲೆಷ್ಟು?
3. ನಾನು ಕೈ ಹಾಕಿದರೆ ರಕ್ತ ಬರುತ್ತದೆಯೇ? ಹಾಗಿದ್ದರೆ ಇಂದು ಎಲ್ಲಿಗೆ ನಿಲ್ಲಿಸಬೇಕು, ಮತ್ತೆ ಯಾವಾಗ ನೋಡಬೇಕು?
4. ಕೊನೆಯ ಒದೆತವನ್ನು ಅವರಿಗೇ ಬಿಟ್ಟಿದ್ದೇನೆಯೇ?

ಕೋಚಿಂಗ್ ಕೇಳಿದ ಹುಡುಗನ ವಿಷಯದಲ್ಲಿ ನನ್ನ ಸಲಹೆ ಇಷ್ಟು. ಕೊಡಬೇಕು ಎಂದ ತಂಗಿಯೂ, ಬೇಡ ಎಂದ ಅಣ್ಣನೂ, ಮಾತಾಡದ ನಾನೂ ಅವನನ್ನು ಇನ್ನೂ ನೋಡಿಲ್ಲ. ಮೊದಲ ಸಲ ಏನಾಯಿತು, ಎಲ್ಲಿ ಸಿಕ್ಕಿಕೊಂಡ, ಓದಲು ಜಾಗವಿದೆಯೇ, ಊಟ ಸರಿಯಾಗಿದೆಯೇ ಎಂದು ಯಾರೂ ಕೇಳಿಲ್ಲ. ಈ ಭಾನುವಾರ ಅವನನ್ನು ಕರೆಯೋಣ. ಅವನ ಎದುರಿಗೆ ತೀರ್ಪು ಹೇಳಲು ಕೂರುವುದು ಬೇಡ, ಪಕ್ಕದಲ್ಲಿ ಕೂತು ಊಟ ಮಾಡುತ್ತಾ ಕೇಳೋಣ. ಬೇಕಾಗಿರುವುದು ಹಣವೋ, ಮಾರ್ಗದರ್ಶನವೋ, ಇನ್ನಷ್ಟು ಸಮಯವೋ ಆಗ ತಿಳಿಯುತ್ತದೆ. ಅಡುಗೆಯ ಜವಾಬ್ದಾರಿ ನನ್ನದು.

ಏಳು ಮರಿಗಳೂ ಊರಿಗೆ ಹೋಗಿವೆ. ಕೊನೆಗೆ ಬಂದದ್ದು ಯಾವುದೆಂದು ಅವ್ವನನ್ನು ಕೇಳಿದರೆ, "ಈಗ ಯಾವ್ದು ಅಂತ ಗೊತ್ತಾಗಲ್ಲ ಕಣವ್ವ, ಎಲ್ಲಾ ಒಂದೇ ತರ ಕೆದಕ್ತಾ ಅವೆ" ಎನ್ನುತ್ತಾಳೆ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ನಮೋ ಬುದ್ಧಾಯ. ಜೈ ಭೀಮ್.